ಧಾರೆಯ ಚಿತ್ರದಲ್ಲಿ ಕಪ್ಪು ಪಟ್ಟೆಗಳು: ಪ್ರತಿಕ್ರಿಯೆ

ಮುಂಬಯಿಯ ಮಾಟುಂಗಾದ ಸಭಾಂಗಣದಲ್ಲಿ ನೀವು ತೆಗೆದ, ಸ್ಪರ್ಧೆಗೆ ಕಳಿಸಬೇಕೆಂದಿರುವ ಧಾರೆಯ ಚಿತ್ರಕ್ಕೆ ಅಡ್ಡ ಪಟ್ಟೆ ಬಿದ್ದಿರುವುದು ಬಹುಶಃ ಸೈಲೆಂಟ್ ಶಟರ್‌ನಿಂದ, ಅಂದರೆ ಸದ್ದಿಲ್ಲದೆ ಚಿತ್ರವನ್ನು ಸಾಲು ಸಾಲಾಗಿ ದಾಖಲಿಸುವ ಎಲೆಕ್ಟ್ರಾನಿಕ್ ಶಟರ್‌ನಿಂದ. ನಮ್ಮ ವಿದ್ಯುತ್ತು 50 ಹರ್ಟ್ಸ್. ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಬೆಳಕು ಕುಂದಿದಾಗ ದಾಖಲಾದ ಸಾಲುಗಳೇ ಕಪ್ಪು ಪಟ್ಟೆ. ಸ್ಪರ್ಧೆಗೆ ಕಳಿಸುವ ಮೊದಲು ಅದೇ ಕ್ಷಣದ ಹಿಂದುಮುಂದಿನ ಫ್ರೇಮ್‌ಗಳನ್ನು ನೋಡಿ. ಪಟ್ಟೆ ಮುಖ ಬಿಟ್ಟು ಬೇರೆಡೆ ಬಿದ್ದಿರಬಹುದು. ಕಪ್ಪು-ಬಿಳುಪು ಮಾಡಿದರೆ ಬಣ್ಣ ಹೋಗುತ್ತದೆ, ಪಟ್ಟೆ ಹೋಗುವುದಿಲ್ಲ. ತಿದ್ದುವುದಾದರೆ ನಿಯಮಾವಳಿ ಓದಿಕೊಂಡೇ ತಿದ್ದಿ. ನಾನು ತೀರ್ಪುಗಾರನಾದರೆ, ತುಸು ವಾರೆಯಾಗಿದ್ದರೂ ವಧುವಿನ ತಂದೆಯ ಕಣ್ಣು ಸ್ಪಷ್ಟವಾಗಿ ಕಾಣುವ ಫ್ರೇಮಿಗೇ ಅಂಕ ಕೊಡುತ್ತೇನೆ.

ಮುಂದಿನ ಮದುವೆಗೆ ಮೆಕ್ಯಾನಿಕಲ್ ಶಟರ್ (ಪರದೆ ಸರಿದು ಸದ್ದು ಮಾಡುವಂಥದ್ದು), ದೀಪದ ಒಂದು ಮಿನುಗು ಪೂರ್ತಿ ಸೇರುವಂತೆ 1/100 ಸೆಕೆಂಡಿನ ವೇಗ. ಕ್ಯಾಮೆರಾದಲ್ಲಿ ಆ್ಯಂಟಿ-ಫ್ಲಿಕರ್ (ಮಿನುಗಿನ ಪರಿಣಾಮ ತಗ್ಗಿಸುವ ಸೌಲಭ್ಯ) ಇದ್ದರೆ ಅದೂ ಇರಲಿ. ವೇದಿಕೆಯ ಹಿಂದೆ ಎಲ್‌ಇಡಿ ಪರದೆಯಿದ್ದರೆ ಈ ವೇಗ ಸಾಲದೆಯೂ ಇರಬಹುದು. ಮುಹೂರ್ತಕ್ಕೆ ಮುಂಚೆಯೇ ಒಂದೆರಡು ಚಿತ್ರ ತೆಗೆದು ಪರೀಕ್ಷಿಸಿ.