ನಿಮ್ಮ ಕಾಂಡ್ಲಾ ಲೇಖನದ ಬಗ್ಗೆ, ಮುಚ್ಚುಮರೆ ಇಲ್ದೆ

ನಮಸ್ಕಾರ,

ಲೇಖನ ಬಂದು ಮೂರು ವಾರ ಆಯ್ತು, ಲೇಟಾಗಿದ್ದಕ್ಕೆ ಸಾರಿ. 'ಕಡಲ ಕಾವಲುಗಾರರು' ಅಂತ ಹೆಸರಿಟ್ಟು ಉತ್ತರ ಕನ್ನಡದ ಅಘನಾಶಿನಿ ನದಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಹವಾಮಾನ ಬದಲಾವಣೆನ ಹೇಗೆ ತಡ್ಕೊಳ್ತವೆ ಅಂತ ಬರೆದಿದ್ದೀರಿ. ಈಗಿರೋ ಹಾಗೆ ಹಾಕೋಕಾಗಲ್ಲ. ಆದ್ರೆ ಸುಮ್ನೆ ವಾಪಸ್ ಕಳಿಸೋಕೂ ಮನಸ್ಸಿಲ್ಲ, ಯಾಕಂದ್ರೆ ನಾಲ್ಕನೇ ಪುಟದಲ್ಲಿ ದೋಣಿಯಿಂದ ಕೈ ಚಾಚಿ ಉಪ್ಪಟ್ಟಿ ಅನ್ನೋ ಕಾಂಡ್ಲಾ ಗಿಡದ ಎಲೆ ಕಿತ್ತು ನಾಲಿಗೆಗೆ ತಾಗಿಸಿ "ಉಪ್ಪಿನಕಾಯಿ ಭರಣಿ ಮುಚ್ಚಳ ನೆಕ್ಕಿದ ಹಾಗಾಯ್ತು" ಅಂದಿದ್ದೀರಲ್ಲ, ಅಲ್ಲಿ ನಾನು ಓದೋದು ನಿಲ್ಸಿ ನಕ್ಕುಬಿಟ್ಟೆ. ಲೇಖನ ಶುರುವಾಗ್ಬೇಕಾದ್ದು ಅಲ್ಲಿಂದ. ಅದಕ್ಕೆ ಮುಂಚೆ ಇರೋ ಪ್ರಕೃತಿ ಮಾತೆ, ಮನುಷ್ಯನ ದುರಾಸೆ ಎಲ್ಲಾ ತೆಗೆದುಬಿಡಿ, ಯಾರೂ ಹುಡುಕ್ಕೊಂಡು ಬರಲ್ಲ.

ತಪ್ಪುಗಳೂ ಇವೆ. ಎಲ್ಲಾ ಕಾಂಡ್ಲಾ ಗಿಡಗಳೂ ಎಲೆಯಿಂದ ಉಪ್ಪು ಹೊರಗೆ ಹಾಕಲ್ಲ. ಅದು ಉಪ್ಪಟ್ಟಿಯಂಥವುಗಳ ಕೆಲಸ, ಅದಕ್ಕೇ ಅಂತ ಎಲೆಯಲ್ಲಿ ಗ್ರಂಥಿಗಳಿರ್ತವೆ. ಊರುಗೋಲಿನ ಥರ ಬೇರು ಇಳಿಬಿಟ್ಕೊಂಡು ನಿಲ್ಲೋ ರೈಜೋಫೋರಾ ಅನ್ನೋ ಕಾಂಡ್ಲಾ ಆದ್ರೆ ಉಪ್ಪಿನ ಬಹುಪಾಲನ್ನ ಬೇರಿನ ಹತ್ರಾನೇ ಸೋಸಿಬಿಡುತ್ತೆ. ಇನ್ನು "ಉಪ್ಪಿಲ್ಲದೆ ಬದುಕಲಾರವು" ಅಂದಿದ್ದೀರಿ. ಸಾಮಾನ್ಯವಾಗಿ ಬದುಕ್ತವೆ ಮಾರಾಯ್ರೆ, ಉಪ್ಪು ಕಮ್ಮಿ ಇದ್ರೆ ಇನ್ನೂ ಚೆನ್ನಾಗೇ ಬೆಳೀತವೆ, ಸಿಹಿನೀರಿನ ಜಾಗದಲ್ಲಿ ಬೇರೆ ಗಿಡಗಳ ಜೊತೆ ಪೈಪೋಟಿ ಮಾಡೋಕಾಗಲ್ಲ ಅಷ್ಟೇ.

ನಂಗೆ ಕಿರಿಕಿರಿ ಆಗಿದ್ದು 'ಎದೆಯೊಡ್ಡಿ ನಿಂತ ವೀರಯೋಧರು' ಅನ್ನೋ ಮಾತು, ಮೂರು ಸಲ ಬಂದಿದೆ. ಎದೆಯೊಡ್ಡೋದೆಲ್ಲಿ? ಆಸ್ಟ್ರೇಲಿಯಾದ ಕಾರ್ಪೆಂಟೇರಿಯಾ ಕೊಲ್ಲಿಯಲ್ಲಿ 2015-16ರಲ್ಲಿ ಸುಮಾರು 7,400 ಹೆಕ್ಟೇರ್ ಕಾಂಡ್ಲಾ ಒಣಗಿಹೋಯ್ತು, ಅದೂ ನೀರು ಏರಿ ಅಲ್ಲ, ಎಲ್ ನಿನೋ (ಪೆಸಿಫಿಕ್ ಸಾಗರ ಬಿಸಿಯಾಗೋ) ವರ್ಷ ಅಲ್ಲಿ ಸಮುದ್ರ ಮಟ್ಟ ಇಳಿದು! ಈ ಗಿಡಗಳು ಮಾಡೋದು ಎರಡೇ. ಬೇರಿನ ಸಂದಿಯಲ್ಲಿ ನೀರಿನ ವೇಗ ತಗ್ಗಿಸಿ ಹೂಳು ಕೂರಿಸ್ಕೊಂಡು ಕಾಲಡಿ ನೆಲಾನ ನಿಧಾನಕ್ಕೆ ಎತ್ತರ ಮಾಡ್ಕೊಳ್ತವೆ, ಅದೂ ಸಾಲದಾದ್ರೆ ಹಿಂದೆ ಸರೀತವೆ, ಅಂದ್ರೆ ಮರದಲ್ಲೇ ಮೊಳೆತ ಉದ್ದನೆ ಕೋಡು ಭರತದ ನೀರಲ್ಲಿ ತೇಲಿ ಸ್ವಲ್ಪ ಎತ್ತರದ ಕೆಸರಲ್ಲಿ ಬೇರು ಬಿಡುತ್ತೆ. ನೆಲ ಏರೋಕೆ ಹೂಳು ಬೇಕು, ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ, ಪಕ್ಕದ ಶರಾವತಿಗೆ ಇದೆ, ಅಣೆಕಟ್ಟು ಹೂಳು ತಡೆಯುತ್ತೆ, ಈ ಹೋಲಿಕೆ ನಿಮ್ಮ ಕಣ್ಣಿಗೆ ಯಾಕೆ ಬೀಳ್ಲಿಲ್ವೋ. ನೆಲ ಏರೋದಕ್ಕೂ ಒಂದು ಮಿತಿ ಇದೆ. ಕಳೆದ 10,000 ವರ್ಷದ ಕೆಸರಿನ ದಾಖಲೆ ನೋಡಿ 2020ರಲ್ಲಿ ಬಂದ ಅಧ್ಯಯನದ ಪ್ರಕಾರ ಸಮುದ್ರ ವರ್ಷಕ್ಕೆ 6-7 ಮಿಲಿಮೀಟರ್ ದಾಟಿ ಏರಿದ್ರೆ ಕಾಂಡ್ಲಾ ಕಾಡಿಗೆ ಸಮಕ್ಕೆ ಏರೋದು ಕಷ್ಟ. 2006ರಿಂದ 2018ರ ತನಕದ ಜಾಗತಿಕ ಸರಾಸರಿ ವರ್ಷಕ್ಕೆ 3.7 ಮಿಲಿಮೀಟರ್.

ಆಗ ಹಿಂದೆ ಸರಿಯೋದು ಎಲ್ಲಿಗೆ? ಉತ್ತರ ನಿಮ್ಮ ಕೊನೇ ಪ್ಯಾರಾದಲ್ಲೇ ಇದೆ, ನೀವೇ ಗಮನಿಸಿಲ್ಲ. "ಅಜ್ಜನ ಗಜನಿಯಲ್ಲಿ ಈಗಲೂ ಕಗ್ಗ ಬೆಳೀತಾರೆ" ಅಂತ ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ. ಗಜನಿ ಅಂದ್ರೆ ಒಡ್ಡು ಕಟ್ಟಿ ಉಪ್ಪುನೀರು ತಡೆದ ಅಳಿವೆ ಪಕ್ಕದ ಗದ್ದೆ. ಅಲ್ಲಾ, ಕಗ್ಗ ಏನು ಸಾಮಾನ್ಯದ ಭತ್ತವಾ, ಉಪ್ಪೂ ತಡ್ಕೊಂಡು, ಕೆಲವು ದಿನ ನೀರಲ್ಲಿ ಮುಳುಗಿದ್ರೂ ಎದ್ದು ನಿಲ್ಲೋ ತಳಿ. ಅದನ್ನ ಕಾಯೋ ಒಡ್ಡೇ ಕಾಂಡ್ಲಾ ಗಿಡಕ್ಕೆ ಹಿಂದೆ ಸರಿಯೋಕೆ ಬಿಡದ ಗೋಡೆ. ಅದೇ ಒಡ್ಡು ಅಲೆಗೆ ಕೊಚ್ಚಿ ಹೋಗದಿರ್ಲಿ ಅಂತ ಮುಂದೆ ನೆಡೋದೂ ಕಾಂಡ್ಲಾನೇ. ಒಡ್ಡು ಒಡೆದು ಪಾಳುಬಿದ್ದ ಗಜನಿಯಲ್ಲಿ ಯಾರೂ ಕರೀದೇ ಬಂದು ಕೂತಿರೋದೂ ಅದೇ. ಇಷ್ಟು ಒಳ್ಳೇ ಜಗಳ ಮನೆ ಹಿತ್ತಲಲ್ಲೇ ಇಟ್ಕೊಂಡು ಯೋಧರನ್ನ ಹುಡುಕ್ತಾ ಹೋಗಿದ್ದೀರಿ!

2024ರಲ್ಲಿ ಅಳಿವೆ ರಾಮ್ಸಾರ್ ಪಟ್ಟಿಗೆ (ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದ್ದು ಒಂದು ಸಾಲಲ್ಲಿ ಸಾಕು, ಅರ್ಧ ಪುಟ ಬೇಡ.

ಇನ್ನೊಂದ್ಸಲ ಊರಿಗೆ ಹೋದಾಗ ಅಜ್ಜನ ಹತ್ರ ಕೇಳಿ, ಒಡ್ಡಿಗೆ ಎಷ್ಟು ಸಲ ಮಣ್ಣು ಏರಿಸಿದ್ರು, ಮೊದಲು ಎಷ್ಟು ಎತ್ತರ ಇತ್ತು ಅಂತ. ಮಂಡಿ ತನಕವೋ ಸೊಂಟದ ತನಕವೋ, ಅವರು ಕೈಯಲ್ಲಿ ತೋರ್ಸಿದ ಅಳತೆನೇ ಬರೀರಿ. ಮಳೆ ಹಿಡಿಯೋಕೆ ಮುಂಚೆ ಕಳಿಸಿದ್ರೆ ಜೂನ್ ಸಂಚಿಕೆಗೆ ನೋಡ್ತೀನಿ.