ಯಾಕೋಬನ ಕಲ್ಲು ಲಂಡನ್ನಿಗೆ ಬಂದಿತ್ತೇ?

ಪ್ರಶ್ನೆ: ಬ್ರಿಟಿಷರು ಇಸ್ರೇಲಿನ ಕಳೆದುಹೋದ ಹತ್ತು ಕುಲಗಳ ವಂಶಸ್ಥರಂತೆ, ಅವರ ಪಟ್ಟಾಭಿಷೇಕದ ಕಲ್ಲೇ ಬೈಬಲಿನಲ್ಲಿ ಆ ಕುಲಗಳ ಮೂಲಪುರುಷನಾದ ಯಾಕೋಬನ ತಲೆದಿಂಬಂತೆ. ಒಂದು ಕರಪತ್ರದಲ್ಲಿ ಓದಿದೆ. ನಿಜವೇ?
– ಓದುಗರೊಬ್ಬರು, ಬೀದರ್

ಉತ್ತರ: ಅಲ್ಲ. ಕಲ್ಲಿನಿಂದಲೇ ಶುರುಮಾಡೋಣ, ಅದನ್ನು ಪರೀಕ್ಷಿಸಬಹುದು. 1296ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ಸ್ಕಾಟ್ಲೆಂಡಿನ ಸ್ಕೂನ್‌ನಿಂದ ಅದನ್ನು ಲಂಡನ್ನಿಗೆ ಒಯ್ದ. 1996ರಲ್ಲಿ ಅದು ಸ್ಕಾಟ್ಲೆಂಡಿಗೆ ಮರಳಿತು. ಅದು ಸ್ಕೂನ್ ಸುತ್ತಲೇ ಸಿಗುವ ಮರಳುಗಲ್ಲು. ಯಾಕೋಬ ಮಲಗಿದ ಬೇತೇಲಿನ ಗುಡ್ಡಗಳು ಸುಣ್ಣಕಲ್ಲಿನವು. ನಿಮ್ಮ ಕೋಟೆಯ ಜಂಬಿಟ್ಟಿಗೆಯನ್ನೂ ಶಹಾಬಾದ್ ಫರಸಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ, ಕಲ್ಲು ತನ್ನ ಊರು ಹೇಳುವುದು ಹೇಗೆಂದು ತಿಳಿಯುತ್ತದೆ.

ಇನ್ನು ಕುಲಗಳು. ಆ ಹತ್ತು ಕುಲಗಳ ಉತ್ತರ ರಾಜ್ಯದ ರಾಜಧಾನಿ ಸಮಾರ್ಯ ಬಿದ್ದದ್ದು ಕ್ರಿ.ಪೂ. 722ರ ಸುಮಾರಿಗೆ. ಅಸ್ಸೀರಿಯದ ದೊರೆ ಎರಡನೇ ಸಾರ್ಗೋನನ ಶಾಸನದಲ್ಲಿ ಸೆರೆಯಾದವರ ಲೆಕ್ಕ 27,290, ಇಡೀ ಜನಾಂಗವಲ್ಲ. ಅವರನ್ನು ನೆಲೆಗೊಳಿಸಿದ್ದು ಹಾಬೋರ್ ನದಿಯ ಬಳಿ (ಇಂದಿನ ಸಿರಿಯ) ಮತ್ತು ಮೇದ್ಯರ ಊರುಗಳಲ್ಲಿ (ಇಂದಿನ ಇರಾನ್) ಎಂದು ಬೈಬಲಿನ 2 ಅರಸುಗಳು 17:6 ಹೇಳುತ್ತದೆ. ಅಲ್ಲಿಂದ ಯುರೋಪಿಗೆ ನಡೆದ ದಾರಿಗೆ ಶಾಸನವಿಲ್ಲ, ಗೋರಿಯಿಲ್ಲ.

ಈ ವಾದ ಬ್ರಿಟನ್ನಿನಲ್ಲಿ ಹರಡಿದ್ದು 19ನೇ ಶತಮಾನದಲ್ಲಿ, ಸಾಮ್ರಾಜ್ಯ ಬೆಳೆಯುತ್ತಿದ್ದಾಗ. ನಂಬಿದವರು 1899ರಿಂದ 1902ರವರೆಗೆ ಐರ್ಲೆಂಡಿನ ತಾರಾ ದಿಬ್ಬದಲ್ಲಿ ಒಡಂಬಡಿಕೆಯ ಮಂಜೂಷಕ್ಕಾಗಿ, ಅಂದರೆ ಹತ್ತು ಆಜ್ಞೆಗಳ ಕಲ್ಲಿನ ಹಲಗೆಗಳಿದ್ದವೆಂದು ಬೈಬಲ್ ಹೇಳುವ ಪೆಟ್ಟಿಗೆಗಾಗಿ, ಅಗೆದರು. ಮಂಜೂಷ ಸಿಗಲಿಲ್ಲ, ಪ್ರಾಚೀನ ನೆಲೆ ಮಾತ್ರ ಹಾಳಾಯಿತು. ಅದು ನಿಜಕ್ಕೂ ನೋವಿನ ಸಂಗತಿ.

ಮುಂದೆ ಇಂಥ ಕರಪತ್ರ ಬಂದರೆ ಮೊದಲು ಕೇಳಿ: ಆಯಾ ಕಾಲದ ಲಿಖಿತ ದಾಖಲೆ ಯಾವುದು, ನಡುವಿನ ಶತಮಾನಗಳಲ್ಲಿ ಆ ಜನ ಎಲ್ಲಿದ್ದರು?