ಕೆನಡಾ ಪಿಆರ್: ಕನ್ಸಲ್ಟೆಂಟ್‌ಗೆ ದುಡ್ಡು ಕಟ್ಟುವ ಮೊದಲು

ನಿಮ್ಮ ಪತ್ರ ಓದಿದೆ. ದಾವಣಗೆರೆ ಕಡೆಯವರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ವಯಸ್ಸು 32. ಯಜಮಾನರು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್, ಮಗಳಿಗೆ ಮೂರು ವರ್ಷ. ಒಂದು ಕನ್ಸಲ್ಟೆನ್ಸಿಯವರು ಕೆನಡಾ ಪಿಆರ್‌ಗೆ, ಅಂದರೆ ಅಲ್ಲಿ ಕಾಯಂ ಆಗಿ ನೆಲೆಸುವ ಅನುಮತಿಗೆ, ಎರಡೂವರೆ ಲಕ್ಷ ಕೇಳಿದ್ದಾರೆ, ಅರ್ಧ ಈಗಲೇ ಕಟ್ಟಬೇಕು, ಆಗೋದು ಗ್ಯಾರಂಟಿ ಅಂದಿದ್ದಾರೆ. "ಅಕ್ಕಾ, ಕನ್ಸಲ್ಟೆಂಟ್ ಇಲ್ಲದೆ ಆಗಲ್ವಾ? ಅವರ ಮೂಲಕ ಹೋದರೆ ಬೇಗ ಆಗುತ್ತಾ? ಅಲ್ಲಿಗೆ ಬಂದ ಮೇಲೆ ಬದುಕು ಹೇಗೆ?" ಅಂತ ಕೇಳಿದ್ದೀರಿ.

ನಾನು ಕೆನಡಾದ ಟೊರೊಂಟೊ ಪಕ್ಕದ ಮಿಸಿಸಾಗಾದಲ್ಲಿ ನೆಲೆಸಿ ಬಹಳ ವರ್ಷವಾಯಿತು. ಫೀಸ್ ತೆಗೆದುಕೊಂಡು ಸಲಹೆ ಕೊಡುವ ಲೈಸೆನ್ಸ್ ನನಗಿಲ್ಲ. ಅಕ್ಕ ಅಂದಿದ್ದೀರಿ, ಹಾಗಾಗಿ ಅಕ್ಕನಾಗಿ ಗೊತ್ತಿರುವುದನ್ನು ಹೇಳುತ್ತೇನೆ.

ಮೊದಲ ಮಾತು: ಆ ಅರ್ಧ ದುಡ್ಡು ಈಗ ಕಟ್ಟಬೇಡಿ.

ಪಿಆರ್ ಕೊಡುವುದು, ಬಿಡುವುದು ಐಆರ್‌ಸಿಸಿ ಅನ್ನುವ ಕೆನಡಾದ ವಲಸೆ ಇಲಾಖೆಯ ಅಧಿಕಾರಿಯ ಕೈಯಲ್ಲಿದೆ. ಬೇರೆ ಯಾರಿಗೂ ಅದರ ಮೇಲೆ ಹಿಡಿತ ಇಲ್ಲ. ಲೈಸೆನ್ಸ್ ಇರುವ ಕನ್ಸಲ್ಟೆಂಟ್‌ಗಳು ಫಲಿತಾಂಶದ ಬಗ್ಗೆ ಗ್ಯಾರಂಟಿ ಕೊಡಬಾರದು ಅಂತ ಅವರ ನಡವಳಿಕೆ ನಿಯಮದಲ್ಲೇ ಇದೆ. ಹಾಗಿರುವಾಗ "ಗ್ಯಾರಂಟಿ" ಅಂದವರಿಗೆ ಲೈಸೆನ್ಸ್ ಇಲ್ಲ, ಇಲ್ಲವೇ ಇದ್ದೂ ನಿಯಮ ಮುರಿಯುತ್ತಿದ್ದಾರೆ. ಎರಡೂ ನಿಮಗೆ ಒಳ್ಳೆಯದಲ್ಲ.

ದುಡ್ಡು ತೆಗೆದುಕೊಂಡು ನಿಮ್ಮ ಪರವಾಗಿ ಅರ್ಜಿ ನಡೆಸಲು ಕೆನಡಾ ಕಾನೂನು ಕೆಲವರಿಗೆ ಮಾತ್ರ ಅವಕಾಶ ಕೊಟ್ಟಿದೆ. ಅಲ್ಲಿನ ಯಾವುದಾದರೂ ಪ್ರಾಂತ್ಯದ ವಕೀಲರ ಸಂಘದಲ್ಲಿ ನೋಂದಾಯಿಸಿದ ವಕೀಲರು ಮತ್ತು ಪ್ಯಾರಾಲೀಗಲ್‌ಗಳು, ಕ್ಯೂಬೆಕ್ ನೋಟರಿಗಳು, ಮತ್ತೆ ಆರ್‌ಸಿಐಸಿ ಅಂತ ಕರೆಯುವ ಲೈಸೆನ್ಸ್ ಕನ್ಸಲ್ಟೆಂಟ್‌ಗಳು. ಈ ಕನ್ಸಲ್ಟೆಂಟ್‌ಗಳನ್ನು 2021ರ ನವೆಂಬರ್‌ನಿಂದ ಕಾಲೇಜ್ ಆಫ್ ಇಮಿಗ್ರೇಷನ್ ಅಂಡ್ ಸಿಟಿಜನ್‌ಶಿಪ್ ಕನ್ಸಲ್ಟೆಂಟ್ಸ್ ಅನ್ನುವ ಸಂಸ್ಥೆ ನೋಡಿಕೊಳ್ಳುತ್ತದೆ. ಹೆಸರಿನಲ್ಲಿ ಕಾಲೇಜ್ ಇದ್ದರೂ ಅದು ಪಾಠ ಹೇಳುವ ಕಾಲೇಜಲ್ಲ, ಲೈಸೆನ್ಸ್ ಕೊಟ್ಟು ಶಿಸ್ತು ನೋಡುವ ಮಂಡಳಿ. ಅದರ ವೆಬ್‌ಸೈಟಿನಲ್ಲಿ ಎಲ್ಲರ ಹೆಸರು, ನಂಬರ್ ಇರುವ ಪಟ್ಟಿ ಇದೆ. ಯಾರು ಬೇಕಾದರೂ ನೋಡಬಹುದು.

ಬೆಂಗಳೂರಿನ ಆಫೀಸಿಗೆ ಹೋದಾಗ ಎದುರು ಕೂತು ಮಾತಾಡುವವರು ಹೆಚ್ಚಾಗಿ ಸೇಲ್ಸ್‌ನವರು. ಲೈಸೆನ್ಸ್ ಇರುವವರು ಟೊರೊಂಟೊದಲ್ಲೋ ವ್ಯಾಂಕೂವರ್‌ನಲ್ಲೋ ಇರುತ್ತಾರೆ ಅನ್ನುತ್ತಾರೆ. ಇರಲಿ, ತಪ್ಪೇನಿಲ್ಲ. ಆದರೆ ಅವರ ಹೆಸರು, ಲೈಸೆನ್ಸ್ ನಂಬರ್ ಕೇಳಿ. ಪಟ್ಟಿಯಲ್ಲಿ ಹುಡುಕಿ. ಲೈಸೆನ್ಸ್ ಈಗಲೂ ಚಾಲ್ತಿಯಲ್ಲಿದೆಯಾ ನೋಡಿ. ಆಮೇಲೆ ಪಟ್ಟಿಯಲ್ಲಿರುವ ಇಮೇಲ್‌ಗೇ ನೇರವಾಗಿ ಬರೆದು, "ಈ ಬೆಂಗಳೂರಿನ ಸಂಸ್ಥೆ ನಿಮ್ಮ ಹೆಸರಿನಲ್ಲಿ ದುಡ್ಡು ಕೇಳುತ್ತಿದೆ, ನಿಮಗೆ ಗೊತ್ತಾ?" ಅಂತ ಕೇಳಿ. ಬೇರೆಯವರ ನಂಬರ್ ತೋರಿಸಿ ವ್ಯಾಪಾರ ಮಾಡುವವರೂ ಇದ್ದಾರೆ, ಅದಕ್ಕೇ ಈ ಹೆಜ್ಜೆ ಬಿಡಬೇಡಿ. ಒಪ್ಪಂದ ಪತ್ರ ಆ ಲೈಸೆನ್ಸ್‌ದಾರರ ಹೆಸರಿನಲ್ಲಿ ಇರಬೇಕು. ಏನೇನು ಕೆಲಸ ಮಾಡುತ್ತಾರೆ, ಯಾವ ಹಂತಕ್ಕೆ ಎಷ್ಟು, ಮಧ್ಯದಲ್ಲಿ ನಿಂತರೆ ಎಷ್ಟು ವಾಪಸ್ ಅನ್ನುವುದೆಲ್ಲ ಬರವಣಿಗೆಯಲ್ಲಿ ಬೇಕು.

ಪ್ರತಿನಿಧಿ ಇದ್ದಾರೆ ಅಂತ ಇಲಾಖೆಗೆ ತಿಳಿಸಲು ಐಎಂಎಂ 5476 ಅನ್ನುವ ಫಾರಂ ಇದೆ. ದುಡ್ಡು ತೆಗೆದುಕೊಂಡವರು ಅದರಲ್ಲಿ ತಮ್ಮ ಹೆಸರು ಹಾಕಲೇಬೇಕು. "ನಮ್ಮ ಹೆಸರು ಬೇಡ, ನೀವೇ ಹಾಕಿದ ಹಾಗೆ ಹಾಕೋಣ" ಅಂದರೆ ಅಲ್ಲಿಂದ ಎದ್ದು ಬನ್ನಿ.

ಈಗ ನಿಮ್ಮ ನಿಜವಾದ ಪ್ರಶ್ನೆ. ಕನ್ಸಲ್ಟೆಂಟ್ ಬೇಕೇಬೇಕಾ? ಬೇಡ. ಪಾಯಿಂಟ್ ನೋಡಿ ಪಿಆರ್‌ಗೆ ಆರಿಸುವ ಇಲಾಖೆಯ ಆನ್‌ಲೈನ್ ವ್ಯವಸ್ಥೆಗೆ ಎಕ್ಸ್‌ಪ್ರೆಸ್ ಎಂಟ್ರಿ ಅನ್ನುತ್ತಾರೆ, ಅದರಲ್ಲಿ ಪ್ರೊಫೈಲ್ ಮಾಡಲು ಒಂದು ರೂಪಾಯಿಯೂ ಖರ್ಚಿಲ್ಲ. ಅವರ ಮೂಲಕ ಹೋದರೆ ಬೇಗ ಆಗುವುದೂ ಇಲ್ಲ, ಪಾಯಿಂಟ್ ಜಾಸ್ತಿಯೂ ಆಗುವುದಿಲ್ಲ. ಪಾಯಿಂಟ್ ಬರುವುದು ನಿಮ್ಮ ವಯಸ್ಸು, ಓದು, ಭಾಷಾ ಪರೀಕ್ಷೆ, ಅನುಭವದಿಂದ. ಹಾಗಂತ ಕನ್ಸಲ್ಟೆಂಟ್ ಅಂದರೆ ದಂಡ ಅಂತಲೂ ನಾನು ಹೇಳುವುದಿಲ್ಲ. ಹಿಂದೆ ಯಾವುದೋ ದೇಶದ ವೀಸಾ ರಿಜೆಕ್ಟ್ ಆಗಿದ್ದರೆ, ಪೊಲೀಸ್ ಕೇಸ್ ಇದ್ದರೆ, ವಿಚ್ಛೇದನವಾಗಿ ಮಗು ಯಾರ ಹತ್ತಿರ ಅನ್ನುವ ತಕರಾರು ಇದ್ದರೆ, ಒಳ್ಳೆಯ ಲೈಸೆನ್ಸ್‌ದಾರರಿಗೆ ಕೊಟ್ಟ ದುಡ್ಡು ಸಾರ್ಥಕ. ನಿಮ್ಮದು ಅಂಥ ಸಿಕ್ಕು ಇರುವ ಕೇಸಲ್ಲ. ಆದರೂ ಒಂದು ವಿಷಯಕ್ಕೆ ನಾನಾದರೆ ಒಂದು ಗಂಟೆಯ ಸಲಹೆಗೆ ಫೀಸ್ ಕೊಡುತ್ತಿದ್ದೆ: ಅರ್ಜಿ ಯಾರ ಹೆಸರಿನಲ್ಲಿ ಹಾಕಬೇಕು?

ನೀವು ಬರೆದದ್ದು ನೋಡಿದರೆ ಅವರು ನಿಮ್ಮನ್ನೇ ಮುಖ್ಯ ಅರ್ಜಿದಾರಳು ಅಂತ ಮಾಡಿ ಲೆಕ್ಕ ಹಾಕಿದ್ದಾರೆ. ಯಜಮಾನರ ಕೆಲಸ ಏನು ಅಂತ ಕೇಳಿಯೇ ಇಲ್ಲ ಅಂದಿರಿ. ಅಲ್ಲೇ ನನಗೆ ಅವರ ಮೇಲೆ ನಂಬಿಕೆ ಹೋಯಿತು. 2023ರಿಂದ ಕೆನಡಾ ಕೆಲವು ಕ್ಷೇತ್ರದವರಿಗೆ ಬೇರೆಯೇ ಡ್ರಾ, ಅಂದರೆ ಪಾಯಿಂಟ್ ಜಾಸ್ತಿ ಇದ್ದವರನ್ನು ಆರಿಸಿ ಅರ್ಜಿಗೆ ಕರೆಯುವ ಸುತ್ತು, ನಡೆಸುತ್ತಿದೆ. ಆರೋಗ್ಯ ಕ್ಷೇತ್ರ ಅದರಲ್ಲಿ ಒಂದು, ನರ್ಸ್‌ಗಳು ಆ ಪಟ್ಟಿಯಲ್ಲಿದ್ದಾರೆ. 2025ರ ಕೊನೆಯ ತಿಂಗಳುಗಳಲ್ಲಿ ಆ ಡ್ರಾಗಳ ಕಟ್‌ಆಫ್ 480ರ ಒಳಗೇ ಇತ್ತು. ಅದೇ ಹೊತ್ತಿನಲ್ಲಿ ಕೆನಡಾದಲ್ಲೇ ಕೆಲಸ ಮಾಡಿದ ಅನುಭವ ಇದ್ದವರ ಡ್ರಾ 500 ದಾಟಿಯೇ ಇತ್ತು. ಹಾಗಾಗಿ ನಿಮ್ಮಿಬ್ಬರ ಲೆಕ್ಕವನ್ನೂ ಎರಡೂ ರೀತಿಯಲ್ಲಿ ಹಾಕಿ ನೋಡಬೇಕು. ಈ ಪಾಯಿಂಟ್ ಲೆಕ್ಕಕ್ಕೆ ಸಿಆರ್‌ಎಸ್ ಅನ್ನುತ್ತಾರೆ, ಇಲಾಖೆಯ ಸೈಟಿನಲ್ಲೇ ಅದರ ಕ್ಯಾಲ್ಕ್ಯುಲೇಟರ್ ಇದೆ, ಒಂದು ಭಾನುವಾರ ಇಬ್ಬರೂ ಕೂತು ಮಾಡಿ.

ವಯಸ್ಸಿನ ವಿಷಯ ನೆನಪಿಡಿ. ಸಂಗಾತಿಯ ಜೊತೆ ಅರ್ಜಿ ಹಾಕುವವರಿಗೆ 30ರಿಂದ 40ರವರೆಗೆ ವರ್ಷಕ್ಕೆ 5 ಪಾಯಿಂಟ್ ಕಡಿಮೆಯಾಗುತ್ತಾ ಹೋಗುತ್ತದೆ. ಇಂಗ್ಲಿಷ್ ಪರೀಕ್ಷೆ ಮುಂದೂಡಬೇಡಿ. ಐಇಎಲ್‌ಟಿಎಸ್ ಜನರಲ್‌ನಲ್ಲಿ ಲಿಸನಿಂಗ್ 8, ಉಳಿದ ಮೂರರಲ್ಲಿ 7 ಬಂದರೆ ಪಾಯಿಂಟ್ ಒಮ್ಮೆಲೇ ಮೇಲೇರುತ್ತದೆ. ಯಾವ ಕನ್ಸಲ್ಟೆಂಟ್‌ನಿಂದಲೂ ಅಷ್ಟು ಲಾಭ ಆಗುವುದಿಲ್ಲ. ಇನ್ನು ಫ್ರೆಂಚ್. 2025ರಲ್ಲಿ ಫ್ರೆಂಚ್ ಬಲ್ಲವರ ಡ್ರಾ ಕಟ್‌ಆಫ್ 400ರ ಆಸುಪಾಸಿಗೂ ಇಳಿದದ್ದುಂಟು. ವಸಂತನಗರದ ಅಲಿಯಾನ್ಸ್ ಫ್ರಾಂಸೇಸ್‌ನಲ್ಲಿ ಕ್ಲಾಸ್ ಇವೆ. ಸುಲಭ ಅಲ್ಲ, ವರ್ಷದ ಮೇಲೆ ಬೇಕು. ಆದರೆ ಎರಡೂವರೆ ಲಕ್ಷದಲ್ಲಿ ಸ್ವಲ್ಪ ಭಾಗ ಅಲ್ಲಿಗೆ ಹೋದರೆ ಅದು ನಿಮ್ಮ ಹತ್ತಿರವೇ ಉಳಿಯುವ ವಿದ್ಯೆ.

ಬೇಗ ಮುಗಿಯುತ್ತೆ ಅಂದುಕೊಂಡದ್ದು ತಿಂಗಳುಗಟ್ಟಲೆ ಎಳೆಯುವುದು ಎರಡು ಕಡೆ. ಒಂದು, ಕೆಲಸದ ಅನುಭವ ಪತ್ರ. ನಮ್ಮ ಕಂಪನಿಗಳು ಕೊಡುವ ರಿಲೀವಿಂಗ್ ಲೆಟರ್‌ನಲ್ಲಿ ಏನಿರುತ್ತೆ? ಹೆಸರು, ಹುದ್ದೆ, ಸೇರಿದ ದಿನ, ಬಿಟ್ಟ ದಿನ, ಕೊನೆಗೆ ಶುಭ ಹಾರೈಕೆ. ಇಲ್ಲಿಗೆ ಅದು ಸಾಲದು. ವಾರಕ್ಕೆ ಎಷ್ಟು ಗಂಟೆ, ಸಂಬಳ ಎಷ್ಟು, ದಿನಾ ಮಾಡುತ್ತಿದ್ದ ಕೆಲಸ ಏನೇನು ಅಂತ ಕಂಪನಿಯ ಲೆಟರ್‌ಹೆಡ್‌ನಲ್ಲಿ, ಸಹಿ ಮಾಡಿದವರ ಹೆಸರು, ಹುದ್ದೆ, ಫೋನ್ ಸಮೇತ ಬೇಕು. ಎಚ್‌ಆರ್‌ನವರು "ನಮ್ಮ ಪಾಲಿಸಿ ಇಲ್ಲ" ಅನ್ನುತ್ತಾರೆ. ಆಗ ನಿಮ್ಮ ಹಳೆಯ ಮ್ಯಾನೇಜರ್‌ನಿಂದ ಪತ್ರ ಬರೆಸಿಕೊಂಡು, ಅದರ ಜೊತೆ ಸಂಬಳದ ಸ್ಲಿಪ್, ಫಾರಂ 16, ಬ್ಯಾಂಕ್ ಸ್ಟೇಟ್‌ಮೆಂಟ್, ಆಫರ್ ಲೆಟರ್ ಎಲ್ಲ ಸೇರಿಸಿ, ಕಂಪನಿ ಯಾಕೆ ಕೊಡಲಿಲ್ಲ ಅಂತ ಒಂದು ವಿವರಣೆ ಇಡಬೇಕಾಗುತ್ತದೆ. ಅರ್ಜಿಗೆ ಆಹ್ವಾನ ಬಂದ ಮೇಲೆ ಸಿಗುವುದು 60 ದಿನ ಮಾತ್ರ. ಯಜಮಾನರ ಆಸ್ಪತ್ರೆಯ ಪತ್ರಕ್ಕೆ ಇವತ್ತಿನಿಂದಲೇ ಓಡಾಡಿ.

ಆ ಪತ್ರದಲ್ಲಿ ಇಂಟರ್‌ನೆಟ್‌ನಿಂದ ಎತ್ತಿದ ಕೆಲಸದ ಪಟ್ಟಿಯನ್ನು ಹಾಗೇ ಅಂಟಿಸುವ ಏಜೆಂಟರಿದ್ದಾರೆ. ಒಪ್ಪಬೇಡಿ. ನೀವು ಮಾಡಿದ ಕೆಲಸ ನಿಮ್ಮ ಮಾತಿನಲ್ಲೇ ಇರಲಿ.

ಎರಡನೆಯದು ನಮ್ಮ ಹೆಸರು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಹಿಂದೆ, ಡಿಗ್ರಿಯಲ್ಲಿ ಮುಂದೆ, ಆಧಾರ್‌ನಲ್ಲಿ ಊರಿನ ಹೆಸರು ಬಿಡಿಸಿ ಬರೆದಿರುತ್ತಾರೆ, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಖಾಲಿ ಇದ್ದರೆ ಇಲ್ಲಿನ ಅರ್ಜಿಯಲ್ಲಿ ನಿಮ್ಮ ಇಡೀ ಹೆಸರು ಕುಟುಂಬದ ಹೆಸರಿನ ಜಾಗಕ್ಕೆ ಹೋಗಿ ಕೂರುತ್ತದೆ. ಆಮೇಲೆ ಪಿಆರ್ ಕಾರ್ಡ್, ಬ್ಯಾಂಕ್, ಮಗಳ ಶಾಲೆ ಎಲ್ಲ ಕಡೆ ಅದೇ ಮುಂದುವರಿಯುತ್ತದೆ. ಪಾಸ್‌ಪೋರ್ಟಿನಲ್ಲಿ ಹೆಸರು ಎರಡು ಭಾಗ ಮಾಡಿಸಿಕೊಳ್ಳುವುದಿದ್ದರೆ ಭಾಷಾ ಪರೀಕ್ಷೆಗೆ, ನಮ್ಮ ಡಿಗ್ರಿ ಕೆನಡಾದ ಯಾವ ಓದಿಗೆ ಸಮ ಅಂತ ನೋಡುವ ಮೌಲ್ಯಮಾಪನಕ್ಕೆ ಕಟ್ಟುವ ಮೊದಲೇ ಮಾಡಿಸಿ.

ಜಾಬ್ ಆಫರ್ ಕೊಡಿಸುತ್ತೇವೆ, ಅದಕ್ಕೆ ಇನ್ನೂ ಕೆಲವು ಲಕ್ಷ ಆಗುತ್ತೆ ಅಂದಿದ್ದಾರಂತೆ. ಜಾಬ್ ಆಫರ್‌ಗೆ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಸಿಗುತ್ತಿದ್ದ ಪಾಯಿಂಟ್ ಅನ್ನು 2025ರ ಮಾರ್ಚ್ 25ರಿಂದ ತೆಗೆದೇ ಹಾಕಿದ್ದಾರೆ. ಹೊರದೇಶದವರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಬೇಕಾದ ಎಲ್‌ಎಂಐಎ ಅನ್ನುವ ಅನುಮತಿಗೆ ಕೆನಡಾದ ಮಾಲೀಕರು ಸರ್ಕಾರಕ್ಕೆ ಕಟ್ಟುವುದು 1,000 ಕೆನಡಾ ಡಾಲರ್, ಅದನ್ನು ಕೆಲಸಗಾರರಿಂದ ವಸೂಲಿ ಮಾಡುವ ಹಾಗಿಲ್ಲ. ಹಾಗಾಗಿ ಅದಕ್ಕೆ ದುಡ್ಡು ಕೇಳುವವರು ನಿಮಗೆ ಮಾರುತ್ತಿರುವುದು ಅಪರಾಧವನ್ನು.

ಸುಳ್ಳಿನ ಶಿಕ್ಷೆ ಏಜೆಂಟರಿಗಿಂತ ಮೊದಲು ಅರ್ಜಿದಾರರಿಗೇ ತಟ್ಟುತ್ತದೆ. 2023ರಲ್ಲಿ ಪಂಜಾಬಿನ ಎಷ್ಟೋ ಮಕ್ಕಳಿಗೆ ಇಲ್ಲಿಂದ ಹೊರಹಾಕುವ ನೋಟಿಸ್ ಬಂತು. ಜಲಂಧರ್‌ನ ಏಜೆಂಟ್ ಕೊಟ್ಟ ಕಾಲೇಜಿನ ಪ್ರವೇಶ ಪತ್ರ ನಕಲಿ. ಓದು ಮುಗಿಸಿ, ಕೆಲಸ ಹಿಡಿದು, ಪಿಆರ್‌ಗೆ ಹಾಕಿದಾಗ ಅದು ಹೊರಬಿತ್ತು. ಬೀದಿಯಲ್ಲಿ ಟೆಂಟ್ ಹಾಕಿ ಕೂತ ಆ ಮಕ್ಕಳನ್ನು ಟಿವಿಯಲ್ಲಿ ನೋಡಿ ನನಗೆ ತುಂಬಾ ಸಂಕಟವಾಗಿತ್ತು. ತಪ್ಪು ಮಾಹಿತಿ ಸಿಕ್ಕಿದರೆ 5 ವರ್ಷ ಕೆನಡಾದ ಬಾಗಿಲು ಮುಚ್ಚುತ್ತದೆ. ಅದಕ್ಕೆ ಒಂದು ಹಟ ಹಿಡಿಯಿರಿ: ಕಳಿಸುವ ಮೊದಲು ಪೂರ್ತಿ ಅರ್ಜಿಯನ್ನು ನೀವು ಓದಬೇಕು, ಕಳಿಸಿದ್ದರ ಪ್ರತಿ ನಿಮ್ಮ ಹತ್ತಿರ ಇರಬೇಕು.

ದುಡ್ಡಿನ ಲೆಕ್ಕ ಚುಟುಕಾಗಿ. 2024ರ ಏಪ್ರಿಲ್‌ನಲ್ಲಿ ನಿಗದಿಯಾದ ಸರ್ಕಾರಿ ಫೀಸ್ ದೊಡ್ಡವರಿಗೆ ತಲಾ 1,525 ಡಾಲರ್, ಮಗುವಿಗೆ 260 ಇತ್ತು. ಎರಡು ವರ್ಷಕ್ಕೊಮ್ಮೆ ಏರಿಸುತ್ತಾರೆ, ಕಟ್ಟುವ ದಿನ ಸೈಟಿನಲ್ಲೇ ನೋಡಿ. ಬಂದ ಮೇಲೆ ಬದುಕಲು ದುಡ್ಡಿದೆ ಅಂತ ತೋರಿಸಲು ಮೂರು ಜನಕ್ಕೆ 23,360 ಡಾಲರ್ ಬೇಕು, ಇದು 2025ರ ಜುಲೈನ ಲೆಕ್ಕ. ನಮ್ಮ ದುಡ್ಡಲ್ಲಿ ಹದಿನಾಲ್ಕು ಲಕ್ಷಕ್ಕೂ ಜಾಸ್ತಿ. ಊರಿನ ಸೈಟು, ಅಡಿಕೆ ತೋಟ, ಒಡವೆ ಲೆಕ್ಕಕ್ಕೆ ಬರುವುದಿಲ್ಲ. ಭಾವನ ಹತ್ತಿರ ಸಾಲ ತಂದು ಒಂದು ತಿಂಗಳು ಖಾತೆಯಲ್ಲಿಟ್ಟರೂ ನಡೆಯುವುದಿಲ್ಲ. ಆರು ತಿಂಗಳ ಸರಾಸರಿ ಬ್ಯಾಲೆನ್ಸ್ ಕೇಳುತ್ತಾರೆ, ಸಾಲದ ದುಡ್ಡು ಆಗುವುದಿಲ್ಲ ಅಂತ ನಿಯಮವೇ ಇದೆ.

ಇನ್ನು ಇಲ್ಲಿನ ಬದುಕು. ಪಿಆರ್ ಬೇರೆ, ಕೆಲಸದ ಲೈಸೆನ್ಸ್ ಬೇರೆ. ಯಜಮಾನರು ಇಳಿದ ಮರುದಿನ ನರ್ಸ್ ಆಗಿ ಸೇರಲು ಆಗುವುದಿಲ್ಲ. ಪ್ರಾಂತ್ಯದ ನರ್ಸಿಂಗ್ ಮಂಡಳಿಯಲ್ಲಿ ನೋಂದಣಿ, ಎನ್‌ಕ್ಲೆಕ್ಸ್ ಪರೀಕ್ಷೆ ಎಲ್ಲ ಆಗಬೇಕು. ಅದರ ಕಾಗದಗಳನ್ನು ಅಲ್ಲಿಂದಲೇ ಶುರು ಮಾಡಬಹುದು, ಮಾಡಿ. ಅವರ ನೋಂದಣಿ ಆಗುವವರೆಗೆ ಮನೆ ನಡೆಯುವುದು ನಿಮ್ಮ ಟೆಸ್ಟಿಂಗ್ ಕೆಲಸದ ಮೇಲೆ. ಐಟಿಯಲ್ಲಿ ಇಲ್ಲಿ ಈಗ ಕೆಲಸ ಸಿಗುವುದು ನಿಧಾನ. ಬಾಡಿಗೆಯೇ ದೊಡ್ಡ ಖರ್ಚು. ಬೆಂಗಳೂರಿನ ಹಾಗೆ ಹತ್ತು ತಿಂಗಳ ಅಡ್ವಾನ್ಸ್ ನಮ್ಮ ಒಂಟಾರಿಯೋ ಪ್ರಾಂತ್ಯದಲ್ಲಿ ಕೇಳುವ ಹಾಗಿಲ್ಲ. ಮೊದಲ ತಿಂಗಳ ಬಾಡಿಗೆ, ಕೊನೆಯ ತಿಂಗಳದ್ದು, ಅಷ್ಟೇ ಕಾನೂನು. ಹೊಸಬರು ಅಂತ ಗೊತ್ತಾದರೆ ಜಾಸ್ತಿ ಕೇಳುತ್ತಾರೆ, ಮನೆ ನೋಡದೆ ದುಡ್ಡು ಕಳಿಸಬೇಡಿ.

ಮಗಳ ಬಗ್ಗೆ ಹೆಚ್ಚು ಚಿಂತೆ ಮಾಡಬೇಡಿ. ನಾಲ್ಕು ತುಂಬುವ ವರ್ಷದ ಸೆಪ್ಟೆಂಬರ್‌ನಿಂದ ಸರ್ಕಾರಿ ಶಾಲೆಯಲ್ಲಿ ಇಡೀ ದಿನದ ಕಿಂಡರ್‌ಗಾರ್ಟನ್ ಇದೆ, ಫೀಸ್ ಇಲ್ಲ. ಅದಕ್ಕೂ ಮೊದಲು ಡೇಕೇರ್ ಬೇಕಾದರೆ, ಸರ್ಕಾರದ ಯೋಜನೆಗೆ ಸೇರಿದ ಕಡೆ 2025ರಿಂದ ದಿನಕ್ಕೆ 22 ಡಾಲರ್‌ಗಿಂತ ಜಾಸ್ತಿ ಇಲ್ಲ, ಆದರೆ ಕಾಯುವವರ ಸಾಲು ಉದ್ದ. ಬಂದ ವಾರವೇ ಮಕ್ಕಳ ಭತ್ಯೆಗೆ ಅರ್ಜಿ ಹಾಕಿ. ಒಂಟಾರಿಯೋದ ಆರೋಗ್ಯ ಕಾರ್ಡಿಗೆ ಈಗ ಮೂರು ತಿಂಗಳು ಕಾಯಬೇಕಿಲ್ಲ, ಫ್ಯಾಮಿಲಿ ಡಾಕ್ಟರ್ ಸಿಗುವುದು ಮಾತ್ರ ತಡ.

ಚಳಿ ಎಲ್ಲರೂ ಹೇಳುತ್ತಾರೆ, ಒಳ್ಳೆಯ ಜಾಕೆಟ್ ಇಲ್ಲಿಗೆ ಬಂದೇ ಕೊಳ್ಳಿ. ನನ್ನ ಮಟ್ಟಿಗೆ ಕಷ್ಟ ಅಂದರೆ ನವೆಂಬರ್‌ನಲ್ಲಿ ಸಂಜೆ ಐದಕ್ಕೇ ಕತ್ತಲಾಗುವುದು. ಆಗ ಮನೆಯಲ್ಲೇ ಕೂರಬೇಡಿ. ಟೊರೊಂಟೊ ಸುತ್ತ ಕನ್ನಡದವರು ಬಹಳ ಜನ ಇದ್ದೇವೆ, ರಾಗಿ ಹಿಟ್ಟಿಗೂ ಬರವಿಲ್ಲ.

ಈ ವಾರ ಮೂರು ಕೆಲಸ ಮಾಡಿ. ಆ ಕನ್ಸಲ್ಟೆನ್ಸಿಯವರಿಂದ ಲೈಸೆನ್ಸ್ ನಂಬರ್ ಬರವಣಿಗೆಯಲ್ಲಿ ಕೇಳಿ. ಇಬ್ಬರ ಹೆಸರಿನಲ್ಲೂ ಸಿಆರ್‌ಎಸ್ ಲೆಕ್ಕ ಹಾಕಿ. ಆಸ್ಪತ್ರೆಯ ಎಚ್‌ಆರ್‌ಗೆ ಅನುಭವ ಪತ್ರದ ಬಗ್ಗೆ ಇಮೇಲ್ ಬರೆಯಿರಿ. ಎರಡು ಲೆಕ್ಕದ ಅಂಕಿಗಳನ್ನೂ ನನಗೆ ಕಳಿಸಿ, ನೋಡಿ ಹೇಳುತ್ತೇನೆ.